ಮೂವತ್ತೊಂದು ಹೆಸರು, ಒಂದೇ ನಂಬರು

ಮುನಿರತ್ನಮ್ಮ ಹೆದರುವ ಹೆಂಗಸು. ಇದನ್ನು ಮೊದಲೇ ಹೇಳಿಬಿಡುವುದು ವಾಸಿ. ಆಕೆಯನ್ನು ಧೈರ್ಯವಂತೆ ಎಂದು ಹೊಗಳುವವರು ಈಗ ನಮ್ಮ ಸ್ನಾತಕೋತ್ತರ ಕೇಂದ್ರದಲ್ಲಿ ಕೆಲವರಿದ್ದಾರೆ. ಅವರು ಆ ಶುಕ್ರವಾರ ಆಕೆ ಕಿಟಕಿಯ ಸರಳನ್ನು ಹೇಗೆ ಹಿಡಿದು ನಿಂತಿದ್ದಳೆಂದು ನೋಡಿದವರಲ್ಲ.

ರಾಮನಗರದ ಕೇಂದ್ರದಲ್ಲಿ ನಾನು ಸಂಖ್ಯಾಶಾಸ್ತ್ರ ಕಲಿಸುತ್ತಿದ್ದೆ. ಬೇರೆ ಯಾರೂ ಒಪ್ಪದ ಕಾರಣ ಕಂಪ್ಯೂಟರ್ ವಿಭಾಗದ ಉಸ್ತುವಾರಿಯೂ ನನ್ನ ಮೇಲೆ ಬಿದ್ದಿತ್ತು. ಮುನಿರತ್ನಮ್ಮ ಅಲ್ಲಿಗೆ ಸಹಾಯಕಿಯಾಗಿ ಬಂದದ್ದು ೧೯೯೭ರಲ್ಲಿ. ಸಾತನೂರಿನವಳು. ಕನಕಪುರದಲ್ಲಿ ಟೈಪಿಂಗ್ ಸೀನಿಯರ್ ಪಾಸು ಮಾಡಿದ್ದಳು. ಗಂಡ ರಾಮಲಿಂಗಯ್ಯ ಚನ್ನಪಟ್ಟಣದ ಡಿಪೋದಲ್ಲಿ ಕಂಡಕ್ಟರ್. ಒಂದು ಕೋಣೆಯಲ್ಲಿ ಎಂಟು ಕಂಪ್ಯೂಟರುಗಳು, ಒಂದೊಂದಕ್ಕೂ ಹೊದಿಕೆ, ಕಿಟಕಿಗೆ ಕಪ್ಪು ಪರದೆ. ಉಪಕುಲಪತಿಗಳೇ ಬಂದರೂ ಚಪ್ಪಲಿ ಹೊರಗೆ ಬಿಡಬೇಕಿತ್ತು. ಮೊದಲ ವಾರ ಆಕೆ ಒಂದು ಯಂತ್ರವನ್ನೂ ಮುಟ್ಟಲಿಲ್ಲ. ಬಾಗಿಲ ಬಳಿ ಸ್ಟೂಲು ಹಾಕಿಕೊಂಡು ಕೂತಿದ್ದಳು.

“ಕೆಲಸಕ್ಕೆ ಬಂದಿರೋದು ಕೂತ್ಕೊಳ್ಳೋಕಲ್ಲ,” ಎಂದೆ.

“ಮುಟ್ದಾಗ ಕೆಟ್ಟೋದ್ರೆ ಮೇಡಂ? ಒಂದೊಂದ್ಕೂ ಎಷ್ಟಾಯ್ತದೆ ಅಂತ ದೊಡ್ಡಮುನಿಯಪ್ನೋರು ಹೇಳವ್ರೆ.”

ದೊಡ್ಡಮುನಿಯಪ್ಪ ನಮ್ಮ ಕಚೇರಿಯ ಸೂಪರಿಂಟೆಂಡೆಂಟ್. ಹೊಸಬರನ್ನು ಹೆದರಿಸುವುದು ಅವರಿಗೊಂದು ಆಟ.

ಎರಡು ವರ್ಷದ ಮೇಲೆ ಒಬ್ಬ ಸಂಶೋಧಕನ ಫ್ಲಾಪಿ ಕೆಟ್ಟು, ಅವನ ಒಂದು ಅಧ್ಯಾಯ ಹೋಯಿತು. ಮುನಿರತ್ನಮ್ಮ ಅಳಿಸಿದಳೆಂದು ಅವನು ಕೂಗಾಡಿದ. ಆಕೆ ಮರುದಿನದಿಂದ ಜ್ವರವೆಂದು ನಾಲ್ಕು ದಿನ ರಜೆ ಹಾಕಿದಳು. ನನಗೆ ಕನಿಕರಕ್ಕಿಂತ ಬೇಸರವೇ ಹೆಚ್ಚಾಯಿತು. ಒಂದು ದಪ್ಪ ರಿಜಿಸ್ಟರ್ ತರಿಸಿ ಐದು ಕಾಲಂ ಎಳೆದೆ: ದಿನಾಂಕ, ಬಂದವರ ಹೆಸರು, ತೊಂದರೆ, ಮಾಡಿಕೊಟ್ಟದ್ದು, ಬಂದವರ ಸಹಿ. “ಏನೇ ಮಾಡಿಕೊಟ್ಟರೂ ಇದರಲ್ಲಿ ಬರೆಯಬೇಕು. ಬರೆಯದೆ ಯಾವ ಕೆಲಸವನ್ನೂ ಮಾಡಕೂಡದು. ಶನಿವಾರ ನಾನು ನೋಡಿ ಸಹಿ ಮಾಡುತ್ತೇನೆ.” ಆಕೆ ಆ ಮಾತನ್ನು ಇಪ್ಪತ್ತೆರಡು ವರ್ಷ ಪಾಲಿಸಿದಳು. ಮೊದಲ ವರ್ಷ ನಾನು ಓದಿ ಸಹಿ ಮಾಡಿದೆ. ಆಮೇಲೆ ಸಹಿ ಮಾತ್ರ ಮಾಡಿದೆ.

ಜನರಿಗೆ ಬೇಕಾದದ್ದು ಬದಲಾಗುತ್ತ ಹೋಯಿತು. ಮೊದಲು ಟೈಪು ಮಾಡಿಸಿ ಪ್ರಿಂಟು ತೆಗೆಸಲು ಬರುತ್ತಿದ್ದರು. ಆಮೇಲೆ ಇಂಟರ್‌ನೆಟ್ಟಿನಲ್ಲಿ ಫಲಿತಾಂಶ ನೋಡಲು ಬಂದರು. ಆ ದಿನಗಳಲ್ಲಿ ಬಾಗಿಲ ಮುಂದಿನ ಚಪ್ಪಲಿಗಳು ಮೆಟ್ಟಿಲ ತನಕ ಹೋಗುತ್ತಿದ್ದವು. ಮುಂದೆ ಮಾಗಡಿಯಲ್ಲೋ ಕುದೂರಿನಲ್ಲೋ ನುಡಿ ಅಕ್ಷರದಲ್ಲಿ ಟೈಪು ಮಾಡಿಸಿದ ಪ್ರಬಂಧ ಇಲ್ಲಿ ಬರೀ ಗೀಚುಗೀಚಾಗಿ ಕಾಣುತ್ತದೆಂದು ಬಂದರು. ಮುನಿರತ್ನಮ್ಮ ಒಂದೊಂದನ್ನೂ ಹೆದರುತ್ತಲೇ ಕಲಿತಳು. ೨೦೧೫ರ ಸುಮಾರಿಗೆ ಎಲ್ಲರ ಕೈಗೂ ಫೋನು ಬಂದು ಕೋಣೆ ಖಾಲಿಯಾಯಿತು. ಅದನ್ನು ಪರೀಕ್ಷಾ ವಿಭಾಗಕ್ಕೆ ಕೊಟ್ಟುಬಿಡೋಣವೆಂದು ಸಮಿತಿಯಲ್ಲಿ ಮಾತಾಯಿತು. ನಾನೂ ಒಪ್ಪಿದೆ.

ಕೆಲಸ ಹೋಗುತ್ತದೆಂಬ ಭಯದಲ್ಲಿ ಆಕೆ ಮೂರು ದಿನ ಕಾರಿಡಾರಿನಲ್ಲಿ ನಿಂತು, ಹುಡುಗರು ಯಾರನ್ನು ಏನು ಕೇಳುತ್ತಾರೆಂದು ಗಮನಿಸಿದಳು. ಒಬ್ಬನ ಫೋಟೋ ಅರ್ಜಿಗೆ ದೊಡ್ಡದಾಗಿದೆ. ಇನ್ನೊಬ್ಬಳು ಪಾಸ್‌ವರ್ಡ್ ಮರೆತಿದ್ದಾಳೆ. ಮತ್ತೊಬ್ಬಳ ವಿದ್ಯಾರ್ಥಿವೇತನದ ಅರ್ಜಿಯಲ್ಲಿ ಅಪ್ಪನ ಹೆಸರು ತಪ್ಪಾಗಿದೆ. ಯಾರಿಗೂ ಯಂತ್ರ ಬೇಕಿರಲಿಲ್ಲ. ಪಕ್ಕದಲ್ಲೊಬ್ಬರು ಬೇಕಿತ್ತು. ನಾಲ್ಕನೆಯ ದಿನ ಆಕೆ ತನ್ನ ಮೇಜನ್ನು ಹೊರಕ್ಕೆಳೆದು ಮೆಟ್ಟಿಲ ಕೆಳಗೆ ಹಾಕಿಕೊಂಡು ಕೂತಳು. ನಮ್ಮ ಕಂಪ್ಯೂಟರ್ ವಿಭಾಗ ಆಮೇಲೆ ಬದುಕಿದ್ದು ಆ ಮೇಜಿನಿಂದ.

೨೦೨೧ರಲ್ಲಿ ವಿಶ್ವವಿದ್ಯಾಲಯದ ಕೇಂದ್ರ ಕಚೇರಿಯವರು ಹೊಸ ಪೋರ್ಟಲ್ ತಂದರು. ಪ್ರವೇಶ, ಶುಲ್ಕ, ಪರೀಕ್ಷೆ, ಎಲ್ಲವೂ ಅದರಲ್ಲೇ. ಪ್ರತಿ ಸಲ ಒಳಹೋಗಲು ವಿದ್ಯಾರ್ಥಿಯ ಮೊಬೈಲಿಗೆ ಆರಂಕಿಯ ಒಟಿಪಿ ಬರುತ್ತದೆ. ಹತ್ತು ನಿಮಿಷದೊಳಗೆ ಹಾಕಬೇಕು. ಪ್ರತಿ ವಿದ್ಯಾರ್ಥಿಯ ಕೈಯಲ್ಲೂ ಫೋನು ಇದ್ದೇ ಇರುತ್ತದೆಂದು ಅದನ್ನು ಮಾಡಿದವರು ತಿಳಿದಿದ್ದರು.

ದೊಡ್ಡಆಲಹಳ್ಳಿಯ ಮಾಯಮ್ಮನ ಕೈಯಲ್ಲಿ ಇರಲಿಲ್ಲ. ಅಜ್ಜಿಯ ಹೆಸರು ಹೊತ್ತಿದ್ದ ಆ ಹುಡುಗಿ ಎಂ.ಕಾಂ. ಓದುತ್ತ ರಾಮನಗರದ ಹಾಸ್ಟೆಲಿನಲ್ಲಿದ್ದಳು. ಆ ದಿನ ನಾನು ಮೆಟ್ಟಿಲಿಳಿಯುತ್ತಿದ್ದೆ.

“ನಿಮ್ಮಪ್ಪನ ನಂಬ್ರು ಕೊಡವ್ವ,” ಎಂದಳು ಮುನಿರತ್ನಮ್ಮ.

“ಅಪ್ಪಂಗೆ ಇಂಗ್ಲಿಷ್ ಬರಾಕಿಲ್ಲ ಆಂಟಿ. ಮೆಸೇಜ್ ಬಂದ್ರೆ ಹಾಲಿನ ಡೇರಿ ಸೆಕ್ರೆಟ್ರಿ ಹತ್ರ ಓದುಸ್ಬೇಕು. ಅವ್ರು ಸಿಗೋ ಹೊತ್ಗೆ ಹತ್ ನಿಮಿಷ ಆಗೋಗಿರ್ತದೆ.”

“ನಿಂಗೊಂದು ಕೊಡ್ಸಾಕಿಲ್ವಾ?”

“ಫೋನ್ ಕೊಡ್ಸುದ್ ದಿನವೇ ಗಂಡ್ನೂ ಹುಡುಕ್ತೀನಿ ಅಂದವ್ರೆ.”

ಇಬ್ಬರೂ ನಕ್ಕರು. ಮುನಿರತ್ನಮ್ಮ ತನ್ನದೇ ನಂಬರು ಹಾಕಿದಳು. ನಾನು ಕೇಳಿಸಿಕೊಂಡೆ, ನಿಲ್ಲಲಿಲ್ಲ. ತಿಂಗಳೊಳಗೆ ಅಂಥ ಹುಡುಗಿಯರು ಹನ್ನೊಂದಾದರು, ವರ್ಷ ಕಳೆಯುವಷ್ಟರಲ್ಲಿ ಮೂವತ್ತೊಂದು. ಕೆಲವರ ಮನೆಯ ಫೋನು ಬಿಡದಿ ಕಾರ್ಖಾನೆಗೆ ಹೋಗುವ ಅಣ್ಣನ ಬಳಿ, ಕೆಲವರದು ಗದ್ದೆಗೆ ಹೋಗುವ ಅಪ್ಪನ ಜೇಬಿನಲ್ಲಿ. ಒಟಿಪಿ ಮುನಿರತ್ನಮ್ಮನ ಫೋನಿಗೆ ಬರುತ್ತಿತ್ತು. ಆಕೆ ಹುಡುಗಿಗೆ ಹೇಳಿ, ರಿಜಿಸ್ಟರಿನಲ್ಲಿ ಬರೆದು, ಸಹಿ ಮಾಡಿಸುತ್ತಿದ್ದಳು. ತನ್ನ ಕೈಯಾರೆ ತನ್ನ ತಪ್ಪನ್ನು ದಿನಾಂಕ ಸಮೇತ ಬರೆದಿಡುವವರನ್ನು ನಾನು ಬೇರೆ ಕಂಡಿಲ್ಲ.

ಮರುವರ್ಷ ಪರೀಕ್ಷೆಯ ಅರ್ಜಿ ತುಂಬುವ ಕಾಲ. ಮಾಯಮ್ಮ ಯಾವುದೋ ಅರ್ಜಿಯ ಪ್ರತಿಯನ್ನು ಅಪ್ಪನ ಸಹಿಗೆಂದು ಊರಿಗೆ ಒಯ್ದು ಅಲ್ಲೇ ಬಿಟ್ಟು ಬಂದಳು. ಅಪ್ಪ ಚಲುವಯ್ಯ ಅದನ್ನು ಡೇರಿ ಸೆಕ್ರೆಟರಿಯಿಂದ ಓದಿಸಿದ. ಮಗಳ ಹೆಸರಿನ ಕೆಳಗೆ ಒಂದು ಫೋನ್ ನಂಬರು. ಅವನದಲ್ಲ. ಮಗಳ ಹತ್ತಿರ ಫೋನೇ ಇಲ್ಲ. ಮಗಳು ಹಾಸ್ಟೆಲಿಗೆ ಹಿಂತಿರುಗಿದ ಮೇಲೆ ಇದು ಅವನಿಗೆ ತಿಳಿದದ್ದು. ಹೆಣ್ಣುಮಗಳನ್ನು ಪರವೂರಲ್ಲಿ ಬಿಟ್ಟ ತಂದೆಯ ಎದೆ ಆಗ ಹೇಗೆ ಹೊಡೆದುಕೊಂಡಿರಬೇಕೆಂದು ಊಹಿಸಬಹುದು. ಆ ಸೋಮವಾರವೇ ಆ ನಂಬರಿಗೆ ಫೋನು ಮಾಡಿದ. ನಡೆದ ಮಾತನ್ನು ಮುನಿರತ್ನಮ್ಮ ಆಮೇಲೆ ನನಗೆ ಹೇಳಿದಳು.

“ಯಾವನ್ಲಾ ನೀನು?”

“ಯಾರ್ ಬೇಕಾಗಿತ್ತಣ್ಣ?”

ಹೆಂಗಸಿನ ದನಿ ಕೇಳಿ ಅವನು ಒಂದು ಗಳಿಗೆ ತಡೆದ. “ಯಾರಮ್ಮ ನೀನು? ನನ್ ಮಗಳ ಫಾರಂನಾಗೆ ನಿನ್ ನಂಬ್ರು ಯಾಕೈತೆ? ನಿನ್ ಮನೇಲಿ ಗಂಡ್ಮಕ್ಳು ಯಾರವ್ರೆ?”

“ನಾನು ಕಾಲೇಜ್ನೋಳು ಕಣಣ್ಣ...”

“ಬ್ಯಾಂಕ್ನೋರು ಅಂತ ಒಬ್ಳು ಇಂಗೇ ಅಣ್ಣ ಅಣ್ಣ ಅಂತ ನಮ್ ಷಡ್ಕನ್ನ ಮುಳುಗ್ಸುದ್ಲು. ನಿನ್ ಹೆಸ್ರೇಳು ಮೊದ್ಲು. ಪೊಲೀಸ್ನೋರ್ಗೆ ಬರ್ಸ್ತೀನಿ.”

ಪೊಲೀಸರೆಂದ ಕೂಡಲೇ ಆಕೆ ಫೋನು ಇಟ್ಟುಬಿಟ್ಟಳು. ಮತ್ತೆ ಮೂರು ಸಲ ಬಂತು. ಆಫ್ ಮಾಡಿದಳು. ಹೆಸರು ಹೇಳಿದ್ದರೆ ಸಾಕಿತ್ತು. ಹೇಳದೆ ಇಟ್ಟದ್ದರಿಂದ ಅವನ ಅನುಮಾನ ಗಟ್ಟಿಯಾಯಿತು. ಅರ್ಜಿಯ ಕೆಳಗೆ ಅಚ್ಚಾಗಿದ್ದ ಸಹಾಯವಾಣಿಗೆ ದೂರು ಕೊಟ್ಟ. ಕೇಂದ್ರ ಕಚೇರಿಯವರು ಆ ನಂಬರನ್ನು ಹುಡುಕಿದಾಗ ಮೂವತ್ತೊಂದು ಹೆಸರು ಸಿಕ್ಕವು.

ಬುಧವಾರ ಸುತ್ತೋಲೆ ಬಂತು. ಒಂದೇ ಮೊಬೈಲ್ ಸಂಖ್ಯೆಯಲ್ಲಿ ಐವರಿಗಿಂತ ಹೆಚ್ಚು ವಿದ್ಯಾರ್ಥಿಗಳಿದ್ದರೆ ಅದು ದಲ್ಲಾಳಿಯ ಕೈವಾಡವೆಂದು ತಿಳಿಯಲಾಗುವುದು. ಅಂಥ ಖಾತೆಗಳನ್ನು ಮುಚ್ಚಿದೆ. ಪೋಷಕರು ಖುದ್ದಾಗಿ ಬಂದು ಪತ್ರ ಕೊಟ್ಟರೆ ಮಾತ್ರ ತೆರೆಯಲಾಗುವುದು. ನೌಕರರು ಭಾಗಿಯಾಗಿದ್ದರೆ ವಜಾ ಹಾಗೂ ಸೈಬರ್ ಠಾಣೆಗೆ ದೂರು. ಪರೀಕ್ಷೆಯ ಅರ್ಜಿಗೆ ಕೊನೆಯ ಗಡುವು ಶುಕ್ರವಾರ ಸಂಜೆ ಐದು. ದಾಟಿದರೆ ಮೂವತ್ತೊಂದು ಹುಡುಗಿಯರಿಗೂ ಒಂದು ವರ್ಷ ಹೋದಂತೆ. ಅವರಲ್ಲಿ ಬಹಳ ಮಂದಿಗೆ ಮತ್ತೊಂದು ವರ್ಷ ಸಿಗುವುದಿಲ್ಲವೆಂದು ನಮಗೆ ಗೊತ್ತಿತ್ತು. ವರ ಕಾದಿರುತ್ತಾನೆ.

ಗುರುವಾರ ಬೆಳಿಗ್ಗೆ ಮುನಿರತ್ನಮ್ಮ ರಿಜಿಸ್ಟರನ್ನು ಸೆರಗಿನಲ್ಲಿ ಮುಚ್ಚಿಕೊಂಡು ನನ್ನ ಕೊಠಡಿಗೆ ಬಂದಳು. ದೊಡ್ಡಮುನಿಯಪ್ಪ ಅಲ್ಲೇ ಇದ್ದರು.

“ಮೂವತ್ತೊಂದ್ ಜನದ್ದೂ ಇದ್ರಾಗೈತೆ ಮೇಡಂ. ಅವ್ರೇ ಬಂದ್ರು, ಅವ್ರೇ ಸೈನ್ ಆಕುದ್ರು, ದಲ್ಲಾಳಿ ಯಾರೂ ಇಲ್ಲ ಅಂತ. ಇದ್ನ ತೋರ್ಸುದ್ರೆ ಅವ್ರ ಖಾತೆ ತೆಗೀತಾರಾ?”

“ತೆಗೆಯಬಹುದು. ನಿಮ್ಮನ್ನೂ ತೆಗೆಯುತ್ತಾರೆ.”

ದೊಡ್ಡಮುನಿಯಪ್ಪ ಬಾಗಿಲು ಹಾಕಿ ಬಂದರು. “ಯಾಕ್ ಮೇಡಂ ಆ ಮಾತು? ಈ ಬಿಲ್ಡಿಂಗ್ನಾಗೆ ಗೆದ್ಲು ಕಬ್ಬಿಣದ ಬೀರೂನೇ ತಿಂದೈತೆ. ಈ ಪುಸ್ತಕಕ್ಕೆ ಎಷ್ಟೊತ್ತು? ನಂಬ್ರು ಆಕಿದ್ದು ಯಾರೋ ಗೊತ್ತಿಲ್ಲ ಅಂದ್ಬುಡಿ. ಪುಸ್ತಕ ಹೋದ್ರೆ ಎಲ್ಲಾ ಹೋಯ್ತು.”

“ಹುಡ್ಗೀರು?” ಎಂದಳು ಮುನಿರತ್ನಮ್ಮ.

“ಅವ್ರಪ್ಪಂದ್ರು ಬಂದು ಬರ್ಕೊಡ್ಲಿ.”

“ನಾಳೆ ಸಂಜೆ ಒಳ್ಗೆ ಮೂವತ್ತೊಂದ್ ಅಪ್ಪಂದ್ರಾ? ಮಗಳ್ ಹೆಸ್ರಲ್ಲಿ ಯಾರ್ದೋ ನಂಬ್ರು ಅಂದ್ರೆ ಕಾಲೇಜೇ ಬುಡುಸ್ಬುಡ್ತಾರೆ ಸಾ.”

ನಾನು ರಿಜಿಸ್ಟರನ್ನು ತೆಗೆದುಕೊಂಡು ಹಾಳೆ ತಿರುವಿದೆ. ‘ಮಾಯಮ್ಮ, ಎಂ.ಕಾಂ. ಒಟಿಪಿ ನನ್ನ ಫೋನಿಗೆ ಬಂದದ್ದು ಹೇಳಿದೆ.’ ಹೀಗೇ ನೂರಾರು ಸಾಲು. ಪ್ರತಿ ಶನಿವಾರದ ಕೆಳಗೆ ಹಸಿರು ಶಾಯಿಯಲ್ಲಿ ನನ್ನ ಸಹಿ. ನಿವೃತ್ತಿಗೆ ಒಂದೂವರೆ ವರ್ಷವಿತ್ತು. ಓದದೆ ಸಹಿ ಮಾಡಿದೆನೆಂದರೆ ಕರ್ತವ್ಯಲೋಪ, ಓದಿ ಮಾಡಿದೆನೆಂದರೆ ನಾನೂ ಭಾಗಿ. ಸಂಜೆಯವರೆಗೆ ಯೋಚಿಸೋಣ ಎಂದೆ. ಯೋಚಿಸಲು ಏನೂ ಇರಲಿಲ್ಲ. ನನಗೆ ಭಯವಾಗಿತ್ತು, ಅಷ್ಟೆ.

ಮುನಿರತ್ನಮ್ಮ ನನ್ನ ಮುಖವನ್ನು ಒಂದು ಕ್ಷಣ ನೋಡಿ ರಿಜಿಸ್ಟರನ್ನು ಹಿಂದಕ್ಕೆ ತೆಗೆದುಕೊಂಡಳು. ಸಂಜೆಯವರೆಗೆ ಕಾಯಲಿಲ್ಲ. ಮಧ್ಯಾಹ್ನವೇ ಕೇಂದ್ರ ಕಚೇರಿಗೆ ಫೋನು ಮಾಡಿ, ಆ ನಂಬರು ನನ್ನದು, ನನ್ನ ಹೆಸರು ಇದು, ಪುಸ್ತಕ ನನ್ನ ಹತ್ತಿರ ಇದೆ ಎಂದು ಹೇಳಿದಳು. ಹೇಳಿದ ಮೇಲೆ ಹೆಂಗಸರ ಕೋಣೆಗೆ ಹೋಗಿ ವಾಂತಿ ಮಾಡಿಕೊಂಡಳಂತೆ.

ಶುಕ್ರವಾರ ಹನ್ನೊಂದಕ್ಕೆ ಕೇಂದ್ರ ಕಚೇರಿಯಿಂದ ಉಪಕುಲಸಚಿವ ಬೋರಲಿಂಗಯ್ಯ ಬಂದರು. ನಿಧಾನದ ಮನುಷ್ಯ. ರಿಜಿಸ್ಟರನ್ನು ಮೊದಲ ಪುಟದಿಂದ ಓದತೊಡಗಿದರು. ಹೊರಗೆ ಹುಡುಗಿಯರು ಗೋಡೆಗೊರಗಿ ಸಾಲಾಗಿ ನಿಂತಿದ್ದರು. ಹನ್ನೆರಡಾಯಿತು, ಒಂದಾಯಿತು. ಮುನಿರತ್ನಮ್ಮ ಕೂರದೆ ಕಿಟಕಿಯ ಸರಳು ಹಿಡಿದು ನಿಂತಿದ್ದಳು.

“ಪಾಸ್‌ವರ್ಡ್ ಬರೆದಿಲ್ವಲ್ಲ ಇದರಲ್ಲಿ?” ಎಂದರು ಬೋರಲಿಂಗಯ್ಯ.

“ಅದ್ನ ನಾನು ಕೇಳಾಕಿಲ್ಲ ಸಾರ್. ಅದು ಅವ್ರುದ್ದು.”

ಅವರು ತಲೆಯೆತ್ತಿ ಆಕೆಯನ್ನು ನೋಡಿದರು. ಆಮೇಲೆ ಒಬ್ಬೊಬ್ಬಳನ್ನೇ ಕರೆದು, ಬಿಳಿ ಹಾಳೆಯ ಮೇಲೆ ಸಹಿ ಹಾಕಿಸಿ, ರಿಜಿಸ್ಟರಿನ ಸಹಿಗೆ ಹೋಲಿಸಿ, ಖಾತೆ ತೆರೆಸುತ್ತ ಬಂದರು. ಮೂರೂವರೆ ಹೊತ್ತಿಗೆ ಮೂವತ್ತು ಅರ್ಜಿ ಹೋದವು. ಮಾಯಮ್ಮನದು ಉಳಿಯಿತು. ಅವಳ ಖಾತೆಯ ಮೇಲೆ ದೂರು ದಾಖಲಾಗಿತ್ತು. ದೂರು ಕೊಟ್ಟವನು ತನ್ನ ಫೋನಿಗೆ ಬರುವ ಒಟಿಪಿ ಹೇಳಿ ಅದನ್ನು ಹಿಂತೆಗೆದುಕೊಳ್ಳದೆ ಯಾರೂ ಏನೂ ಮಾಡುವಂತಿರಲಿಲ್ಲ. ಯಾರು ಫೋನು ಮಾಡಿದರೂ ಚಲುವಯ್ಯ ಎತ್ತಲಿಲ್ಲ. ಸಹಾಯವಾಣಿಯವರು ಗೊತ್ತಿಲ್ಲದ ನಂಬರು ಎತ್ತಬೇಡಿ ಎಂದು ಅವನಿಗೆ ಹೇಳಿದ್ದರು.

“ಅಪ್ಪ ಇವತ್ತು ಇಲ್ಲೇ ಬಂದಿರ್ತದೆ, ಗೂಡಿನ ಮಾರ್ಕೆಟ್ಗೆ,” ಎಂದಳು ಮಾಯಮ್ಮ.

ಮೂವರೂ ಆಟೋ ಹತ್ತಿದೆವು. ದಾರಿಯಲ್ಲಿ ಮುನಿರತ್ನಮ್ಮ, “ಒಡುದ್ಬುಟ್ರೆ ಮೇಡಂ? ಎಲ್ಲಾರ್ ಎದುರ್ಗೆ ಒಡುದ್ಬುಟ್ರೆ?” ಎಂದು ಎರಡು ಸಲ ಕೇಳಿದಳು. ಅಂಥದ್ದು ಆಗದೆಂದು ಹೇಳಲು ನನ್ನ ಬಳಿ ಆಧಾರವಿರಲಿಲ್ಲ.

ರೇಷ್ಮೆಗೂಡಿನ ಹರಾಜು ಮುಗಿದಿತ್ತು. ಚಲುವಯ್ಯ ಖಾಲಿ ಚೀಲಗಳನ್ನು ಮಡಿಸಿ ಕಂಕುಳಲ್ಲಿಟ್ಟುಕೊಂಡು ಕೌಂಟರಿನ ಮುಂದಿನ ಸಾಲಿನಲ್ಲಿ ನಿಂತಿದ್ದ. ಮಗಳನ್ನು ಕಂಡವನು ಮೊದಲು ನೋಡಿದ್ದು ಅವಳ ಹಿಂದೆ ಯಾರಿದ್ದಾರೆಂದು. ಇಬ್ಬರು ವಯಸ್ಸಾದ ಹೆಂಗಸರಿದ್ದೆವು.

“ನಾನೇ ಅಣ್ಣ, ಆ ನಂಬ್ರು,” ಎಂದಳು ಮುನಿರತ್ನಮ್ಮ. ಆಕೆ ಮಾತನ್ನು ಒಂದೇ ಉಸಿರಿಗೆ ಹೇಳಿದಳು. “ಮುನಿರತ್ನಮ್ಮ ನನ್ನೆಸ್ರು. ಸಾತನೂರು ತವರು. ಆವತ್ತು ಹೆದುರ್ಕಂಡು ಇಟ್ಬುಟ್ಟೆ.”

“ನೀನೇನಾ? ತಡಿ.”

ಅವನು ಜೇಬಿನಿಂದ ಫೋನು ತೆಗೆದು ನಂಬರು ಒತ್ತಿದ. ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡುತ್ತಿದ್ದರು. ಮುನಿರತ್ನಮ್ಮನ ಕೈಯಲ್ಲಿ ಫೋನು ಹೊಡೆದುಕೊಳ್ಳತೊಡಗಿತು. ಅವನು ಅದರ ಗಾಜನ್ನು ಬಗ್ಗಿ ನೋಡಿದ, ಆಕೆಯ ಮುಖ ನೋಡಿದ. “ಎತ್ತು. ಮಾತಾಡು.”

ಆಕೆ ಕಿವಿಗಿಟ್ಟು, “ಅಲೋ,” ಎಂದಳು.

“ಊಂ. ಅದೇ ದನಿ.” ಅವನು ಫೋನು ಇಟ್ಟ. ಭುಜ ಸ್ವಲ್ಪ ಇಳಿಯಿತು. ಆದರೆ ಮಾತು ಇಳಿಯಲಿಲ್ಲ. “ಯಾರ್ನ ಕೇಳಿ ಆಕುದ್ರಿ? ನಾಕ್ ದಿನ ಆಯ್ತು ನಾನು ಅನ್ನ ತಿಂದು. ಅವಳವ್ವಂಗೆ ಹೇಳಾಕೂ ಆಗ್ದು, ಬುಡಾಕೂ ಆಗ್ದು.”

“ತಪ್ಪಾಯ್ತು.”

ನಾಲ್ಕು ಗಂಟೆ ಹತ್ತು ನಿಮಿಷವಾಗಿತ್ತು. ನಾನು ವಿಷಯವನ್ನು ಎರಡು ಮಾತಿನಲ್ಲಿ ಹೇಳಿದೆ. ನಿಮ್ಮ ಫೋನಿಗೆ ಈಗ ಆರು ಅಂಕಿ ಬರುತ್ತದೆ, ಅದನ್ನು ನಮಗೆ ಹೇಳಬೇಕು ಎಂದೆ.

“ಅದಾಗಾಕಿಲ್ಲ. ಯಾರ್ಗೂ ಹೇಳ್ಬ್ಯಾಡಿ ಅಂತ ಫೋನ್ನಾಗೆ ದಿನಾ ಬಡ್ಕತಾರೆ.”

ಅವನು ಹೇಳಿದ್ದು ಸರಿಯಾಗಿಯೇ ಇತ್ತು. ಮಾಯಮ್ಮ ಅಳತೊಡಗಿದಳು. ನಾಲ್ಕೂ ಕಾಲಾಯಿತು.

ಮುನಿರತ್ನಮ್ಮ ಹೇಳಿದಳು: “ನಮ್ಗೆ ಹೇಳ್ಬ್ಯಾಡಿ ಅಣ್ಣ. ನಿಮ್ ಮಗಳ್ಗೆ ತೋರ್ಸಿ. ಅವ್ಳು ಓದ್ತಾಳೆ. ನಾವು ಅತ್ಲಾಗ್ ತಿರೀಕತೀವಿ.”

ಚಲುವಯ್ಯ ಮಗಳನ್ನು ಹತ್ತಿರ ಕರೆದ. ನಾವಿಬ್ಬರೂ ಬೆನ್ನು ತಿರುಗಿಸಿ ನಿಂತೆವು. ಸಾಲಿನಲ್ಲಿದ್ದ ಯಾರೋ ನಕ್ಕರು. ಮಾಯಮ್ಮ ಮುನಿರತ್ನಮ್ಮನ ಫೋನು ಹಿಡಿದು ಬೋರಲಿಂಗಯ್ಯನವರಿಗೆ ಅಂಕಿಗಳನ್ನು ಹೇಳಿದಳು. ಒಂದು ಒಟಿಪಿ ದೂರು ಹಿಂತೆಗೆಯಲು, ಇನ್ನೊಂದು ನಂಬರು ಬದಲಿಸಲು, ಮತ್ತೊಂದು ಅರ್ಜಿಗೆ. ನಡುವೆ ಸಿಗ್ನಲ್ ಹೋಗಿ ಏಳು ನಿಮಿಷ ಏನೂ ಬರಲಿಲ್ಲ. ಆ ಏಳು ನಿಮಿಷ ಮುನಿರತ್ನಮ್ಮ ನನ್ನ ಮೊಣಕೈ ಹಿಡಿದಿದ್ದಳು. ಸಾಮಾನ್ಯವಾಗಿ ನಾನು ಅಂಥದ್ದಕ್ಕೆ ಅವಕಾಶ ಕೊಡುವವಳಲ್ಲ. ಅರ್ಜಿ ಹೋದದ್ದು ನಾಲ್ಕು ಗಂಟೆ ನಲವತ್ತೊಂದು ನಿಮಿಷಕ್ಕೆ.

ವಿಚಾರಣೆ ನಾಲ್ಕು ತಿಂಗಳು ನಡೆಯಿತು. ಸಹಿ ನಿಮ್ಮದೇ ಎಂದು ನನ್ನನ್ನು ಕೇಳಿದರು. ಹೌದು ಎಂದೆ. ಓದಿ ಮಾಡಿದಿರಾ? ಇಲ್ಲ. ನನಗೆ ಒಂದು ವಾಗ್ದಂಡನೆಯ ಪತ್ರ ಬಂತು. ಮುನಿರತ್ನಮ್ಮನನ್ನು ವಜಾ ಮಾಡಲಿಲ್ಲ. ಎರಡು ವರ್ಷದ ಬಡ್ತಿ ತಡೆದು, ಗ್ರಂಥಾಲಯಕ್ಕೆ ವರ್ಗ ಮಾಡಿ, ಕಂಪ್ಯೂಟರ್ ವಿಭಾಗದ ಯಾವ ಕೆಲಸದಲ್ಲೂ ಭಾಗವಹಿಸಕೂಡದೆಂದು ಆದೇಶಿಸಿದರು. ಅದೇ ತಿಂಗಳು ಪೋರ್ಟಲ್ ತಿದ್ದಿದರು. ಫೋನಿಲ್ಲದ ವಿದ್ಯಾರ್ಥಿಗೆ ಕೇಂದ್ರದಲ್ಲೇ ಚೀಟಿಯ ಮೇಲೆ ಒಟಿಪಿ ಅಚ್ಚು ಮಾಡಿ ಕೊಡುವುದು, ಇಬ್ಬರು ನೌಕರರು ರಿಜಿಸ್ಟರಿನಲ್ಲಿ ಬರೆಯುವುದು. ರಿಜಿಸ್ಟರಿನ ನಮೂನೆಯನ್ನೂ ಕಳಿಸಿದ್ದರು: ಐದು ಕಾಲಂ. ಎಲ್ಲಿಂದ ತೆಗೆದುಕೊಂಡರೆಂದು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಮೂವತ್ತೊಂದು ಹುಡುಗಿಯರೂ ಪರೀಕ್ಷೆ ಬರೆದರು. ನಾಲ್ವರು ಫೇಲಾದರು. ಮಾಯಮ್ಮ ಅವರಲ್ಲೊಬ್ಬಳು, ಅದೂ ನನ್ನ ವಿಷಯದಲ್ಲಿ. ಉತ್ತರಪತ್ರಿಕೆ ನೋಡಿದವಳು ನಾನಲ್ಲ. ನೋಡಿದ್ದರೂ ಅಷ್ಟೇ ಆಗುತ್ತಿತ್ತು.

ಪೂರಕ ಪರೀಕ್ಷೆಯ ಅರ್ಜಿ ತುಂಬುವ ದಿನ ಚಲುವಯ್ಯ ಮಗಳ ಜೊತೆ ತಾನೇ ಬಂದ. ಖಾತೆಯಲ್ಲಿ ಈಗ ಅವನ ನಂಬರಿತ್ತು. ಮೆಟ್ಟಿಲ ಕೆಳಗಿನ ಮೇಜಿನಲ್ಲಿ ಹೊಸ ಟೆಕ್ನಿಷಿಯನ್ ಕೂತಿದ್ದ, ಅವನ ಹೆಸರೂ ಚಲುವಯ್ಯನೇ. ಹೆಸರು ಒಂದೇ ಎಂದು ಒಬ್ಬರನ್ನೊಬ್ಬರು ನೋಡಿ ನಕ್ಕದ್ದೂ ಆಯಿತು. ಆದರೆ ಫೋನು ತೋರಿಸಲು ಮಾಯಮ್ಮನ ಅಪ್ಪ ಒಪ್ಪಲಿಲ್ಲ.

“ಆ ಸಾತನೂರಮ್ಮ ಎಲ್ಲವ್ರೆ? ಅವ್ರು ಬರ್ಲಿ. ಅವ್ರ್ ಕುಂತ್ಕಂಡು ಮಾಡ್ಸುದ್ರೆ ಸರಿ. ಬ್ಯಾರೆಯೋರ್ ಗೊತ್ತಿಲ್ಲ ನಂಗೆ.”

ನಾನು ಗ್ರಂಥಾಲಯಕ್ಕೆ ಹೋದೆ. ಮುನಿರತ್ನಮ್ಮ ಕಿಟಕಿಯಿಂದ ಅವನನ್ನು ಆಗಲೇ ನೋಡಿದ್ದಳು. ಬೀರುಗಳ ಹಿಂದೆ, ಹಳೆಯ ಪತ್ರಿಕೆಗಳ ಕಟ್ಟುಗಳ ನಡುವೆ ನಿಂತಿದ್ದಳು.

“ಪಕ್ಕದಲ್ಲಿ ನಿಂತರೆ ಸಾಕು. ಏನನ್ನೂ ಮುಟ್ಟಬೇಡಿ,” ಎಂದೆ.

“ಆರ್ಡರ್ ಐತಲ್ಲ ಮೇಡಂ.”

“ನಾನು ಹೇಳುತ್ತಿದ್ದೇನೆ.”

“ನೀವು ಹೇಳ್ತೀರಿ. ನಾಳಿಕೆ ಯಾರಾರ ನೋಡ್ಬುಟ್ಟು ಬರ್ದಾಕುದ್ರೆ? ಬ್ಯಾಡ ಮೇಡಂ. ಕೈ ಮುಗೀತೀನಿ.”

ನಿಜವಾಗಿಯೂ ಕೈ ಮುಗಿದಳು. ಆ ಕೈಗಳನ್ನು ನೋಡಿ ನಾನು ಒತ್ತಾಯಿಸಲಿಲ್ಲ.

ಮೇಜಿನ ಬಳಿ ನಾನೇ ಕೂತೆ. ಚಲುವಯ್ಯ ನನ್ನನ್ನು ಗುರುತು ಹಿಡಿದು, ಸ್ವಲ್ಪ ಯೋಚಿಸಿ, ಮಗಳಿಗೆ ಫೋನು ತೋರಿಸಿದ. ಅರ್ಜಿ ಹತ್ತು ನಿಮಿಷದಲ್ಲಿ ಹೋಯಿತು. “ಅವ್ರಿಗೆ ಉಸಾರಿಲ್ವಾ?” ಎಂದು ಕೇಳಿದ. ಚೆನ್ನಾಗಿದ್ದಾರೆ, ಬೇರೆ ಕಡೆ ಕೆಲಸದಲ್ಲಿದ್ದಾರೆ ಎಂದೆ. ಕನಕಪುರದ ಬಸ್ಸಿನ ಹೊತ್ತಾಗುವವರೆಗೂ ಅವನು ಕಾರಿಡಾರಿನ ಬೆಂಚಿನ ಮೇಲೆ ಕೂತೇ ಇದ್ದ, ಬರುವವರನ್ನೆಲ್ಲ ನೋಡುತ್ತ. ಅವನು ಗೇಟು ದಾಟಿ, ಬಸ್ಸು ಹೋದ ಸದ್ದು ಕೇಳಿದ ಮೇಲೆಯೇ ಮುನಿರತ್ನಮ್ಮ ಹೊರಗೆ ಬಂದದ್ದು.